ಸೋನಾಬಾಯಿಯ ಫರಾಳ

ನರ್ಸಿಂಗ್ ಡಿಪ್ಲೊಮಾದ ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ನಾನು ಒಮ್ಮೆ ಫೇಲಾಗಿದ್ದೆ. ಕೈಕೆಲಸ ತಪ್ಪಿದ್ದಕ್ಕಲ್ಲ, ತಡ ಮಾಡಿದ್ದಕ್ಕೆ. ನೋಡಿದ್ದನ್ನೇ ಮತ್ತೆ ನೋಡುವುದು, ಕೇಳಿದ್ದನ್ನೇ ಮತ್ತೆ ಕೇಳುವುದು ನನ್ನ ಸ್ವಭಾವ. ಬಿ.ಎ. ಮುಗಿಸಿ, ಮದುವೆಯಾಗಿ, ಕಾಗವಾಡದ ದ್ರಾಕ್ಷಿ ತೋಟದ ಮನೆಯಿಂದ ದಿನಾ ಬಸ್ಸು ಹಿಡಿದು ಅಥಣಿಗೆ ಬರುತ್ತಿದ್ದೆ. ಈ ಸಲವೂ ಹೋದರೆ, ಇನ್ನೊಂದು ವರ್ಷ ಕೊಡಿ ಎಂದು ಮನೆಯಲ್ಲಿ ಕೇಳುವ ಧೈರ್ಯ ನನಗಿರಲಿಲ್ಲ.

"ಕಾಂಚನಕ್ಕ, ಪೇಷಂಟ್ ಇನ್ನಷ್ಟ ಮುದುಕಿ ಆಗೂದ್ರೊಳಗ ಮುಗಸ," ಎಂದಳು ಸಹಪಾಠಿ ಉಜ್ವಲಾ, ವಾರ್ಡಿನ ಬಾಗಿಲಲ್ಲಿ. ನಕ್ಕೆ. ಗಡಿಯಾರ ನೋಡಿಕೊಂಡು ಒಳಗೆ ಹೋದೆ.

ನನ್ನ ಪಾಲಿಗೆ ಬಂದವರು ಸತ್ತಿ ಊರಿನ ಸೋನಾಬಾಯಿ, ಕುರಿ ಕಾಯುವ ಮನೆತನದ ಅಜ್ಜಿ. ಪಿತ್ತಕೋಶದ ಆಪರೇಷನ್‌ಗೆ ಅವರನ್ನು ಸಿದ್ಧಮಾಡಿ, ಗೊತ್ತುಮಾಡಿದ ವೇಳೆಯೊಳಗೆ ಥಿಯೇಟರಿಗೆ ಕಳಿಸಬೇಕು. ಪರೀಕ್ಷಕಿ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದರು. ಬಳೆ, ಮೂಗುತಿ ತೆಗೆಸಿದೆ. ಬಿ.ಪಿ. ನೋಡಿದೆ. ಹಚ್ಚೆ ತುಂಬಿದ ಮುಂಗೈಯಲ್ಲಿ ಸೂಜಿ ಒಂದೇ ಸಲಕ್ಕೆ ನರ ಹಿಡಿಯಿತು.

"ಬೆಳಗಿಂದ ಏನರ ತಿಂದೀರೇನ್ರಿ ಆಯಿ?"

"ಇಲ್ಲವ್ವಾ. ತಿನ್ನಬ್ಯಾಡ ಅಂತ ನಿನ್ನೇನ ಹೇಳ್ಯಾರ. ರೊಟ್ಟಿ ಮುಟ್ಟಿಲ್ಲ, ಅನ್ನಾ ಮುಟ್ಟಿಲ್ಲ. ವಿಠ್ಠಲನಾಣಿ!"

ವಾರ್ಡಿನ ಸಹಾಯಕ ಮಾಳು ಸ್ಟ್ರೆಚರ್ ತಳ್ಳತೊಡಗಿದ. ಮೊದಲ ಬಾರಿಗೆ ನಾನು ವೇಳೆಯೊಳಗೆ ಮುಗಿಸುವುದರಲ್ಲಿದ್ದೆ. ಆದರೂ ಆ ಆಣೆ ಕಿವಿಯಲ್ಲೇ ನಿಂತಿತು. ಏಕಾದಶಿಯ ದಿನ ನನ್ನ ಅತ್ತೆಯೂ ಹೀಗೇ ಹೇಳುತ್ತಾರೆ: ರೊಟ್ಟಿ ಮುಟ್ಟಿಲ್ಲ, ಅನ್ನ ಮುಟ್ಟಿಲ್ಲ. ಅವರು ಸುಳ್ಳು ಹೇಳುವವರಲ್ಲ. ಇವತ್ತೂ ಏಕಾದಶಿ.

"ಮಾಳು ಅಣ್ಣಾ, ನಿಂದರ್ರಿ!"

"ಮತ್ತೇನ್ರಿ ಬಾಯಾರ? ಒಳಗ ಡಾಕ್ಟರ್ ಕೈ ತೊಳ್ಕೊಂಡ ನಿಂತಾರ."

"ಕೇಳಿ ಆಯಿತಲ್ಲ," ಎಂದರು ಪರೀಕ್ಷಕಿ. "ಒಳಗೂ ಕೇಳುತ್ತಾರೆ. ನಿಮ್ಮ ವೇಳೆ ಮುಗಿಯುತ್ತಿದೆ."

"ಮುಗೀಲಿ ಮೇಡಂ."

ಅಂದವಳು ನಾನೇ. ಅಜ್ಜಿಯ ಕಡೆ ಬಾಗಿ ಕೇಳಿದೆ: "ಆಯಿ, ಉಪಾಸದ ಫರಾಳ ಮಾಡೀರೇನ್ರಿ?"

ಅಜ್ಜಿಯ ಮುಖ ಅರಳಿತು. "ಮಾಡೀನಲ್ಲ! ಉಪಾಸ ಇದ್ದಾಕಿ ಫರಾಳ ಮಾಡಬಾರದೇನ? ಸೊಸಿ ಸಾಬುದಾಣಿ ಖಿಚಡಿ ತಂದಿದ್ಲು. ಶೇಂಗಾ, ತುಪ್ಪ ಬರೋಬ್ಬರಿ ಹಾಕಿದ್ಲು. ಮ್ಯಾಲೊಂದ ಬಾಳಿಹಣ್ಣ, ಚಾ."

"ಯಾವಾಗ್ರಿ?"

"ಈಗ, ನೀ ಬರೂಕಿಂತ ಚೂರ ಮೊದಲ."

ಮಾಳು ಸ್ಟ್ರೆಚರ್ ಬಿಟ್ಟು ಹಣೆಗೆ ಕೈ ಹಚ್ಚಿದ. "ಏ ಆಯಿ, ಹೊಟ್ಟ್ಯಾಗ ಸಂತಿ ತುಂಬ್ಕೊಂಡ ಹೊಂಟೀದಿಯಲ್ಲ ಬೇ!"

ಅರಿವಳಿಕೆ ಕೊಡುವ ಡಾಕ್ಟರನ್ನು ನಾನೇ ಹೋಗಿ ಕರೆತಂದೆ. ಅವರು ಕೇಳಿ, ಆಪರೇಷನ್ ಮರುದಿನಕ್ಕೆ ಹಾಕಿದರು. ತುಂಬಿದ ಹೊಟ್ಟೆಯಲ್ಲಿ ಪ್ರಜ್ಞೆ ತಪ್ಪಿಸಿದರೆ ಉಂಡದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಜೀವವೇ ಹೋಗಬಹುದು.

"ಅದೂ ತಿಂದಂಗೇನ?" ಅಜ್ಜಿಗೆ ನಂಬಿಕೆಯೇ ಬರಲಿಲ್ಲ.

"ವಿಠ್ಠಲಗ ನಡೀತೈತ್ರಿ ಆಯಿ, ಥಿಯೇಟರ್‌ನ್ಯಾಗ ನಡೆಯೂದಿಲ್ಲ."

ನನ್ನ ವೇಳೆ ಯಾವಾಗಲೋ ಮುಗಿದಿತ್ತು. ಪರೀಕ್ಷಕಿಯ ಮುಖದಿಂದ ಏನೂ ತಿಳಿಯಲಿಲ್ಲ.

"ನಾಳೆಯೂ ಹೀಗೇ ಆದರೆ?" ಎಂದರು.

"ಸೊಸೆಯನ್ನ ಕೂಡಿಸಿಕೊಂಡು, ಫರಾಳ, ಚಹಾ, ಹಾಲು ಎಂದು ಒಂದೊಂದರ ಹೆಸರು ಹಿಡಿದು ಬೇಡ ಅಂತ ಹೇಳ್ತೀನಿ ಮೇಡಂ. ಬರೀ ತಿನ್ನಬ್ಯಾಡ್ರಿ ಅಂದ್ರ ಸಾಲೂದಿಲ್ಲ."

ಅವರು ಬರೆದು ಪೆನ್ನು ಮುಚ್ಚಿದರು. "ಮತ್ತೆ ನಿಂತಿದ್ದೀರೇಕೆ? ಹೋಗಿ ಹೇಳಿ, ಸಿಸ್ಟರ್."

ಹಾಗೆ ಕರೆದವರಲ್ಲಿ ಅವರೇ ಮೊದಲಿಗರು. ಸೊಸೆಯನ್ನು ಹುಡುಕಿ ಹೋಗುವಾಗ ಕಾಲು ನೆಲದ ಮೇಲಿರಲಿಲ್ಲ.

ಫಲಿತಾಂಶ ಬಂದಾಗ ಪ್ರಾಯೋಗಿಕದಲ್ಲಿ ಇಡೀ ತರಗತಿಗೆ ನನ್ನ ಅಂಕವೇ ಹೆಚ್ಚು. ಉಜ್ವಲಾ ವಾರ್ಡಿನ ಮುಂದೆಯೇ ನನ್ನನ್ನು ಎತ್ತಿ ಗಿರ್ರನೆ ತಿರುಗಿಸಿದಳು.

"ಇಳಸ ಲೇ, ಬಿದ್ದೆ!" ಎಂದು ಕೂಗಿದೆ.

"ಬೀಳ್ರಿ ಸಿಸ್ಟರ್, ದವಾಖಾನಿ ಇಲ್ಲೇ ಐತಿ!"

ರೋಗಿಗಳು ಎದ್ದು ಕೂತು ನೋಡುತ್ತಿದ್ದರು. ನಾನು ಇನ್ನೂ ಜೋರಾಗಿ ನಕ್ಕೆ.