ಅಮ್ಮ ಕೇಳಿದ ಇಂಗ್ಲಿಷು

ಇಂಗ್ಲಿಷು ತನಗೆ ಸರಾಗವಾಗಿ ಬರತೊಡಗಿದೆಯಲ್ಲ ಎಂಬುದೇ ಅವಳ ಈಚಿನ ಅಳುಕು. ಯಾರ ಮುಂದೆ ಹೇಳಿಕೊಂಡರೂ ನಕ್ಕಾರು. ಪದವಿ ಮುಗಿಸಿ ಮನೆಯಲ್ಲಿ ಕೂತ ಹುಡುಗಿ, ಹೋದ ಸಂದರ್ಶನಗಳಲ್ಲೆಲ್ಲ ಹೆಸರಿನಾಚೆ ಒಂದು ಮಾತೂ ಹೊರಡದೆ ಎದ್ದುಬಂದವಳು, ಈಗ ತಡವರಿಸದೆ ಮಾತಾಡುತ್ತಾಳೆಂದರೆ ಖುಷಿಪಡಬೇಕಾದದ್ದೇ. ಅವಳಿಗೋ, ಒಂದೊಂದು ವಾಕ್ಯ ನುಣ್ಣಗೆ ನಾಲಿಗೆಯಿಂದ ಇಳಿದಾಗಲೂ ಏನೋ ಕದ್ದು ಸಿಕ್ಕಿಬಿದ್ದಂತಾಗುತ್ತಿತ್ತು. ಆ ನುಣುಪು ಎಲ್ಲಿಂದ ಬಂತೆಂಬುದು ಅವಳೊಬ್ಬಳಿಗೇ ಗೊತ್ತು.

ಬಸ್ ನಿಲ್ದಾಣದ ಎದುರಿನ ಕಟ್ಟಡದ ಮೇಲಂತಸ್ತಿನಲ್ಲಿ ಸಂಜೆ ತರಗತಿ. ಅಲ್ಲಿನ ಮೇಷ್ಟ್ರು ವ್ಯಾಕರಣದ ಗೋಜಿಗೇ ಹೋಗುತ್ತಿರಲಿಲ್ಲ. ಮುಂದೇನು ಮಾಡುತ್ತೀರಿ, ನಿಮ್ಮನ್ನು ನೀವು ಹೇಗೆ ತಿದ್ದಿಕೊಳ್ಳುತ್ತೀರಿ, ಐದು ವರ್ಷಕ್ಕೆ ಎಲ್ಲಿರುತ್ತೀರಿ ಎಂಬಷ್ಟನ್ನೇ ತಿರುಗಿಸಿ ಮುರುಗಿಸಿ ಇಂಗ್ಲಿಷಿನಲ್ಲಿ ಆಡಿಸುತ್ತಿದ್ದರು. ಮನೆಗೆ ಹೋದ ಮೇಲೂ ದಿನಾ ಹತ್ತು ನಿಮಿಷ ಯಾರ ಮುಂದಾದರೂ ಕೂತು ಇದನ್ನೇ ಮಾತಾಡಬೇಕು, ಕೇಳುವವರು ನಡುವೆ ಬಾಯಿ ಹಾಕಬಾರದು, ನಗಬಾರದು ಎಂಬುದು ಅವರ ಕಟ್ಟಪ್ಪಣೆ.

ಅಂಥವರು ಅವಳ ಮನೆಯಲ್ಲೇ ಇದ್ದರು. ಅಮ್ಮ ಒಂದು ಹೋಟೆಲಿನಲ್ಲಿ ಇಸ್ತ್ರಿ ಕೆಲಸದವಳು. ಹಗಲೆಲ್ಲ ಹಬೆಯಲ್ಲಿ ನಿಂತು ಯಾರ್ಯಾರೋ ಮಲಗುವ ಹಾಸಿಗೆಯ ಬಟ್ಟೆಗಳ ಸುಕ್ಕು ಬಿಡಿಸಿ, ಸಂಜೆ ಮನೆಗೆ ಬಂದು ಬಿಸಿನೀರಿನ ಬಕೆಟ್ಟಿನೊಳಗೆ ಕಾಲಿಟ್ಟು ಕೂರುವಳು. ಕೂತು, “ಶುರು ಮಾಡಿ ಮೇಡಂನೋರೇ” ಎನ್ನುವಳು. ಇಂಗ್ಲಿಷಿನ ಗಂಧಗಾಳಿ ಇಲ್ಲದಿದ್ದರೂ ಮಗಳ ದನಿ ನಿಂತಲ್ಲೆಲ್ಲ ಸರಿಯಾಗಿ ತಲೆದೂಗುವಳು. ರೂಮು, ಕೀ, ಮ್ಯಾನೇಜರು ಎಂದು ಹೋಟೆಲಿನಲ್ಲಿ ಕಿವಿಗೆ ಬಿದ್ದ ಯಾವುದಾದರೊಂದು ಮಾತು ನಡುವೆ ಸಿಕ್ಕಿತೋ, ಗದ್ದಲದಲ್ಲಿ ಪರಿಚಯದ ಮುಖ ಕಂಡಂತೆ ಅರಳುವಳು.

ಆಗ ಮಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದ ಯೋಜನೆಗಳೂ ಅಮ್ಮ ಅರಳುವಂಥವೇ. ಕೆಲಸ ಸಿಗುತ್ತದೆ, ದೊಡ್ಡ ಕಿಟಕಿಯ ಮನೆ ಹಿಡಿಯುತ್ತೇನೆ, ಮದರ್ ಹೋಟೆಲು ಬಿಡುತ್ತಾಳೆ, ಮದರ್ ಕಿಟಕಿ ಪಕ್ಕ ಕೂತು ಕಾಫಿ ಕುಡಿಯುತ್ತಾಳೆ, ಮದರ್ ಇನ್ನು ಯಾರ ಬಟ್ಟೆಗೂ ಇಸ್ತ್ರಿ ಹಾಕುವುದಿಲ್ಲ. ಇದನ್ನೊಮ್ಮೆ ಅಮ್ಮ ಕನ್ನಡದಲ್ಲೂ ಹೇಳಿಸಿಕೊಂಡಿದ್ದಳು. ಮದರ್ ಎಂದಾಗೆಲ್ಲ ಅಮ್ಮ ಬಕೆಟ್ಟಿನೊಳಗೆ ಕಾಲ್ಬೆರಳಾಡಿಸಿ ನೀರು ಚಿಮ್ಮಿಸುತ್ತಿದ್ದಳು. ಹಾಜರಿ ಹಾಕಿದ ಹಾಗೆ.

ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಇಡೀ ಕಟ್ಟಡಕ್ಕೆ ಅವಳು ಚಿಕ್ಕಮ್ಮ. ಸಂದರ್ಶನದಲ್ಲಿ ಬಾಯಿ ಬಿಡದ ಹುಡುಗಿಗೆ ಮೂಗಿ ಎಂದು ಹೆಸರಿಟ್ಟವಳೂ ಅವಳೇ. ಮೆಟ್ಟಿಲ ಬಳಿ ಅಮ್ಮನನ್ನು ತಡೆದು ಕಾಲೆಳೆಯದಿದ್ದರೆ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ.

“ಏನಕ್ಕಾ, ನಿನ್ನ ಮೂಗಿ ನಿನ್ನೆ ಏನಂದ್ಲು?”

“ದೊಡ್ಡ ಆಫೀಸರ್ ಆಗ್ತಾಳಂತೆ ಕಣೇ.”

“ನಿಂಗೆ ಅರ್ಥ ಆಯ್ತಾ?”

“ಅರ್ಥ ಯಾಕೆ ಬೇಕು? ಮುಖ ನೋಡಿದ್ರೆ ಸಾಲ್ದಾ?”

ಆಮೇಲೆ ಅಮ್ಮನಿಗೆ ಹೊಟ್ಟೆನೋವು ಶುರುವಾಯಿತು. ಅದು ಇದು ಮನೆಮದ್ದು ಮಾಡಿ, ಬಗ್ಗದೆ ಹೋದಾಗ ದೊಡ್ಡಾಸ್ಪತ್ರೆಗೆ ಹೋದರು. ಪರೀಕ್ಷೆಗಳೆಲ್ಲ ಮುಗಿದ ದಿನ ಡಾಕ್ಟರು ಅಮ್ಮನನ್ನು ತೂಕ ನೋಡಿಸಿಕೊಂಡು ಬನ್ನಿ ಎಂದು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಮಗಳೊಬ್ಬಳಿಗೇ ಹೇಳಿದರು. ಗಡ್ಡೆ ಎಲ್ಲ ಕಡೆ ಹರಡಿದೆ, ಕೊಯ್ದು ತೆಗೆಯುವ ಹಂತ ದಾಟಿದೆ, ಇನ್ನು ನೋವು ಕಡಿಮೆ ಮಾಡುವುದಷ್ಟೇ ನಮ್ಮ ಕೈಲಿರುವುದು, ಅವರಿಗೆ ಹೇಗೆ ಹೇಳಬೇಕೋ ನೋಡಿ ನೀವೇ ಹೇಳಿ.

ಹೊರಗೆ ಬಂದರೆ ಅಮ್ಮ ತೂಕದ ಯಂತ್ರವನ್ನು ಬೈಯುತ್ತ ನಿಂತಿದ್ದಳು. ತಾನು ಇಷ್ಟೊಂದು ಇಳಿದಿರಲು ಸಾಧ್ಯವೇ ಇಲ್ಲವೆಂದು ಅವಳ ವಾದ. ಡಾಕ್ಟರು ಏನಂದರೆಂದು ಕೇಳಿದ್ದಕ್ಕೆ ಮಗಳು ಗ್ಯಾಸ್ಟ್ರಿಕ್ ಎಂದುಬಿಟ್ಟಳು. ಅಮ್ಮ ನಂಬಿದಳು. ಖಾಲಿ ಹೊಟ್ಟೆಯಲ್ಲಿ ಟೀ ಕುಡಿಯುವುದನ್ನು ಬಿಡುತ್ತೇನೆಂದು ಅಲ್ಲೇ ಮಾತೂ ಕೊಟ್ಟಳು.

ಅವತ್ತು ಸಂಜೆಯೂ ಬಕೆಟ್ಟು ಬಂತು, ಶುರು ಮಾಡಿ ಎಂಬ ಅಪ್ಪಣೆಯೂ ಬಂತು. ಮಗಳ ತಲೆಯಲ್ಲಿ ಕೆಲಸವೂ ಇರಲಿಲ್ಲ, ಕಿಟಕಿಯೂ ಇರಲಿಲ್ಲ. ಸುಮ್ಮನೆ ಬಾಯಿ ತೆರೆದಳು. ಇಂಗ್ಲಿಷಿನಲ್ಲಿ ನಿಜ ಹೊರಬಂತು. ನೀನು ಉಳಿಯುವುದಿಲ್ಲವಂತೆ. ನಿನಗೆ ನಾನು ಸುಳ್ಳು ಹೇಳಿದೆ. ಬೆಳಿಗ್ಗೆ ಎದ್ದರೆ ನೀನು ಪಾತ್ರೆ ತೊಳೆಯುವ ಸದ್ದು ಕೇಳದ ಮನೆಯಲ್ಲಿ ನಾನು ಹೇಗೆ ಏಳಲಿ? ದನಿ ನಿಂತಲ್ಲೆಲ್ಲ ಅಮ್ಮ ತಲೆದೂಗಿದಳು. ಮುಗಿದ ಮೇಲೆ, ಇವತ್ತು ಎಲ್ಲ ದಿನಕ್ಕಿಂತ ಚೆನ್ನಾಗಿ ಮಾತಾಡಿದೆ, ಒಂದು ಕಡೆಯೂ ಹುಡುಕಾಡಲಿಲ್ಲ ಎಂದು ಹೊಗಳಿದಳು.

ಅಲ್ಲಿಂದ ಅದೇ ಅಭ್ಯಾಸವಾಯಿತು. ಕನ್ನಡದಲ್ಲಿ ಆಡಲಾಗದ್ದನ್ನು ಇಂಗ್ಲಿಷಿನಲ್ಲಿ ಅಮ್ಮನ ಮುಖಕ್ಕೇ ಹೇಳಿ ಹಗುರಾಗುವುದು. ಆದರೆ ಅಮ್ಮನಿಗೆ ಗೊತ್ತಿರುವ ಇಂಗ್ಲಿಷೂ ಇತ್ತಲ್ಲ. ಡಾಕ್ಟರ್, ಹಾಸ್ಪಿಟಲ್, ರಿಪೋರ್ಟ್, ಆಪರೇಷನ್, ಕ್ಯಾನ್ಸರ್ ಎಲ್ಲವೂ ಮುಳ್ಳು. ಒಂದನ್ನು ತುಳಿದರೂ ಮುಗಿಯಿತು. ಡಾಕ್ಟರು ‘ಬಾಗಿಲು ಮುಚ್ಚಿ ಮಾತಾಡಿದ ಆ ಮನುಷ್ಯ’ ಆದರು. ಮದರ್ ಎಂಬ ಮಾತನ್ನಂತೂ ಪೂರ್ತಿ ಬಿಟ್ಟಳು. ಆ ಮಾತು ಬಂದರೆ ಅಮ್ಮ ಅರಳುತ್ತಾಳೆ, ಅರಳಿದ ಆ ಮುಖಕ್ಕೆ ಮುಂದಿನ ವಾಕ್ಯ ಹೇಳಲು ಎದೆಯಿರಲಿಲ್ಲ. ಹೀಗೆ ಬಳಸಿ ಬಳಸಿ ನಡೆಯುತ್ತ ಅವಳ ಇಂಗ್ಲಿಷು ಪಳಗಿತು. ಮೇಷ್ಟ್ರು ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ, ಇದರ ಗುಟ್ಟೇನೆಂದು ಕೇಳಿದರು. ಮನೆಯಲ್ಲಿ ದಿನಾ ಮಾತಾಡುತ್ತೇನೆ ಎಂದಳು. ತರಗತಿ ಚಪ್ಪಾಳೆ ತಟ್ಟಿತು. ಅವಳು ತನ್ನ ಚಪ್ಪಲಿ ನೋಡಿಕೊಂಡಳು.

ಮುಂದಿನ ಸಂದರ್ಶನದಲ್ಲಿ ಕೆಲಸ ಸಿಕ್ಕೇಬಿಟ್ಟಿತು. ಬೇರೆ ಊರು, ಬರುವ ತಿಂಗಳೇ ಸೇರಬೇಕು. ಸುದ್ದಿ ಕೇಳಿದ ಅಮ್ಮ ಎದ್ದವಳೇ ಮಗಳ ಅಂಗಿಗಳನ್ನೆಲ್ಲ ಹರವಿಕೊಂಡು ಇಸ್ತ್ರಿಗೆ ನಿಂತಳು. ಎರಡನೆಯ ಅಂಗಿಯ ತೋಳಿಗೆ ಬರುವಷ್ಟರಲ್ಲಿ ಕೈ ಸೋತಿತು. ಇಸ್ತ್ರಿಪೆಟ್ಟಿಗೆ ಆರಿಸಿ ಗೋಡೆಗೊರಗಿದಳು.

ಮಗಳೇ ಬಿಸಿನೀರು ತಂದಳು. ಈಗೀಗ ಕಾಲನ್ನು ಅವಳೇ ಎತ್ತಿ ಬಕೆಟ್ಟಿನೊಳಗೆ ಇಡಬೇಕಿತ್ತು. ಅಮ್ಮ ಶುರು ಮಾಡಿ ಎನ್ನಲಿಲ್ಲ.

“ಒಂದು ಕೇಳ್ಲಾ? ಮೊದ್ಲೆಲ್ಲ ಮಾತಿಗೊಂದ್ಸಲ ಮದರ್ ಮದರ್ ಅಂತಿದ್ದೆ. ಈಗ ಆ ಮಾತೇ ಬರಲ್ವಲ್ಲ. ಮೇಷ್ಟ್ರು ಬೇಡ ಅಂದ್ರಾ?”

ಮಗಳು ಇಲ್ಲವೆಂದು ತಲೆಯಾಡಿಸಿದಳು.

“ನಾನೂ ಕಾಯ್ತಾನೇ ಇದ್ದೀನಿ, ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ. ನಿನ್ ಮುಖ ನೋಡಿದ್ರೆ ಮೊದಲಿನ ಮಾತಲ್ಲ ಅದು. ಆ ಕಿಟಕಿ ಮನೇಲಿ ನಾನಿದ್ದೆ ತಾನೆ? ಈಗ ಇದ್ದೀನಾ, ಇಲ್ವಾ?”

ಇಂಗ್ಲಿಷು ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತು. ಒಂದು ಸುಕ್ಕೂ ಇಲ್ಲದ ವಾಕ್ಯ. ಅದನ್ನು ಅವಳು ನುಂಗಿಕೊಂಡಳು. ಬಕೆಟ್ಟಿನ ಮುಂದೆ ನೆಲದಲ್ಲಿ ಕೂತು, ನೀರಿನೊಳಗೆ ಕೈಯಿಟ್ಟು ಆ ಎರಡೂ ಪಾದಗಳನ್ನು ಹಿಡಿದುಕೊಂಡಳು. ದನಿ ಒಡೆದು, ತೊದಲಿ, ಕೊನೆಗೂ ಕನ್ನಡ ಹೊರಟಿತು.

“ಇಲ್ಲಮ್ಮ. ನೀನಿರಲ್ಲ.”