ಎಡಗಡೆಯ ಕಪ್ಪು

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಚಂದ್ರನಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ಚಂದ್ರನನ್ನು ನಾವು ಕಥೆಗಾರರು ಬರೆದು ಬರೆದು ಸವೆಸಿದ್ದೇವೆ. ಆಸ್ಪತ್ರೆಯಿಂದ ಶುರು ಮಾಡಿದರೆ ಮುಂದಿನದೆಲ್ಲ ನಿಮಗೆ ಮೊದಲೇ ಗೊತ್ತಾಗಿಬಿಡುತ್ತದೆ. ಎರಡೂ ಡ್ರಾಫ್ಟ್ ಹರಿದು ಹಾಕಿದ್ದೇನೆ. ಮಹಡಿಯಿಂದ ಶುರು ಮಾಡೋಣ, ಅಲ್ಲಿ ಗಾಳಿಯಾದರೂ ಇದೆ.

೧

ಒಬ್ಬ ಮಾವ, ಒಬ್ಬ ಸೊಸೆ. ಮಾವ ಅಂಗಡಿಗಳಿಗೆ ಬೋರ್ಡು ಬರೆದು ಬದುಕಿದವರು. ಸೊಸೆ ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುತ್ತಾಳೆ. (ಅವಳ ಗಂಡನಿಗೆ ಈ ಕಥೆಯಲ್ಲಿ ಕೆಲಸವಿಲ್ಲ, ಕೆಳಗೆ ಟಿವಿ ನೋಡುತ್ತಿರಲಿ.) ಸಂಜೆ ಇಬ್ಬರೂ ಸೇರಿ ಟೆಲಿಸ್ಕೋಪನ್ನು ಮೇಲೆ ಹೊರುತ್ತಾರೆ. ಮಾವ ಸ್ಟೂಲಿನ ಮೇಲೆ ಕೂತು, ಕಣ್ಣನ್ನು ಐಪೀಸಿಗೆ ಕೊಟ್ಟು, ಚಂದ್ರನ ಕುಳಿಗಳನ್ನು ಪೆನ್ಸಿಲಿನಲ್ಲಿ ಬರೆಯುತ್ತಾರೆ. ನೆರಳು ಬಿದ್ದ ಜಾಗವನ್ನು ಖಾಲಿ ಬಿಡುತ್ತಾರೆ. ಕೆಳಗಿಳಿದ ಮೇಲೆ ಆ ಖಾಲಿಗೆ ಕಪ್ಪು ಇಂಕು ತುಂಬುವುದು ಸೊಸೆಯ ಪಾಲು.

(ಇಲ್ಲಿ ಕುಳಿಯನ್ನು ಮನುಷ್ಯನ ಒಂಟಿತನಕ್ಕೆ ಹೋಲಿಸಿ ಒಂದು ಪ್ಯಾರಾ ಇತ್ತು. ಸೊಸೆ ಓದಿ, "ಕಥೆ ಹೇಳಿ ಅಂದ್ರೆ ಪುರಾಣ ಶುರು ಮಾಡ್ತೀರಲ್ಲ" ಎಂದಳು. ತೆಗೆದುಬಿಟ್ಟೆ.)

೨

ಈಚೆಗೆ ಮಾವನ ಚಿತ್ರಗಳಲ್ಲಿ ಎಡಗಡೆ ಖಾಲಿ ಬರತೊಡಗಿತು. ಕುಳಿಯ ಬಲದಂಚು, ಮೆಟ್ಟಿಲು ಮೆಟ್ಟಿಲಾದ ಗೋಡೆ, ನಡುವಿನ ಗುಡ್ಡದ ಬಲಮೈ ಎಲ್ಲ ಕರಾರುವಾಕ್ಕು. ಎಡಕ್ಕೆ ಬರೀ ಬಿಳಿ ಕಾಗದ. ಸೊಸೆ ಅದನ್ನು ನೆರಳೆಂದುಕೊಂಡಳು. ದಿನವೂ ಅಂಚು ಮೀರದಂತೆ ಕಪ್ಪು ತುಂಬಿದಳು.

ಒಂದು ಸಂಜೆ ಮಾವ ನೀರು ಕುಡಿಯಲು ಎದ್ದಾಗ ಅವಳು ಸುಮ್ಮನೆ ಐಪೀಸಿಗೆ ಕಣ್ಣಿಟ್ಟಳು. ಕುಳಿಯ ಎಡದಂಚು ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಸ್ಟೂಲಿನ ಮೇಲಿದ್ದ ಕಾಗದದಲ್ಲಿ ಆ ಅಂಚೇ ಇರಲಿಲ್ಲ. ಮಾವ ಬಲಗೆನ್ನೆಯ ಗಡ್ಡ ಮಾತ್ರ ತೆಗೆದಿದ್ದಾರೆಂಬುದೂ ಆಗಲೇ ಅವಳ ಕಣ್ಣಿಗೆ ಬಿದ್ದದ್ದು.

೩

ಡಾಕ್ಟರು ಹೇಳಿದ್ದು: "ಸಣ್ಣ ಸ್ಟ್ರೋಕ್. ಕಣ್ಣು ಚೆನ್ನಾಗೇ ಇದೆ. ಆದ್ರೆ ಎಡಗಡೆ ಅನ್ನೋದೊಂದು ಇದೆ ಅಂತ ಅವರ ಮಿದುಳಿಗೆ ಹೊಳೀತಿಲ್ಲ. ಏನೋ ಬಿಟ್ಟುಹೋಗಿದೆ ಅಂತಾನೂ ಅವರಿಗೆ ಗೊತ್ತಾಗಲ್ಲ. ಸ್ವಲ್ಪ ಮುಂಚೆ ಕರ್ಕೊಂಡು ಬಂದಿದ್ರೆ ಚೆನ್ನಾಗಿತ್ತು. ಇನ್ಮೇಲೆ ಎಡಗಡೆ ನಿಂತೇ ಮಾತಾಡ್ಸಿ. ಅವರಾಗಿ ತಿರುಗಬೇಕು. ತಿರುಗಿದ್ರೆ ದಾರಿ ಇದೆ."

"ನಾನೇ ಇಂಕು ಹಾಕಿ ಮುಚ್ಚಿಬಿಟ್ಟೆ" ಎಂದಳು ಸೊಸೆ, ನನಗೆ.

"ಆ ಸಂಜೆಗಳನ್ನ ಹೊಡೆದುಹಾಕ್ಲಾ? ನನ್ನ ಕೈಯಲ್ಲೇ ಇದೆ."

"ಹೊಡೆದ್ರೆ ಮಾವನಿಗೆ ವಾಸಿ ಆಗುತ್ತಾ?"

"ಕಥೇಲಿ ಆಗುತ್ತೆ."

"ಅದನ್ನ ಇಟ್ಕೊಂಡು ನಾನೇನು ಮಾಡ್ಲಿ?"

ನನಗೆ ನಾಚಿಕೆಯಾಯಿತು. ಆ ಸಂಜೆಗಳನ್ನು ಇದ್ದ ಹಾಗೇ ಬಿಟ್ಟೆ.

೪

ಮುಕ್ತಾಯ ಒಂದು: ಸೊಸೆ ಎಡಭಾಗವನ್ನು ತಾನೇ ಬರೆದು ಚಿತ್ರ ಪೂರ್ತಿ ಮಾಡುತ್ತಾಳೆ. ಮಾವನಿಗೆ ತಿಳಿಯುವುದಿಲ್ಲ. (ಓದುಗರು ಕಣ್ಣೊರೆಸಿಕೊಳ್ಳುತ್ತಾರೆ, ಸಂಪಾದಕರಿಗೂ ಖುಷಿ.) ಅವಳು ಒಪ್ಪಲಿಲ್ಲ. "ಇನ್ನೊಂದು ಸಲ ಮುಚ್ಚು ಅಂತೀರಾ?" ಎಂದಳು.

ಮುಕ್ತಾಯ ಎರಡು: ಕೆಲವು ತಿಂಗಳಾದ ಮೇಲೆ ಮಾವ ಪೂರ್ತಿ ದುಂಡಗಿನ ಕುಳಿ ಬರೆಯುತ್ತಾರೆ. ಇದನ್ನು ಬರೆಯಲು ನನಗೆ ಬಹಳ ಆಸೆ. ಆದರೆ ಅದಿನ್ನೂ ಆಗಿಲ್ಲ.

ಮೂರನೆಯದು ನನ್ನ ಹತ್ತಿರ ಇಲ್ಲ. ಇವತ್ತಿನ ಸಂಜೆ ಮಾತ್ರ ಇದೆ. ಮಾವ ಸ್ಟೂಲಿನ ಮೇಲಿದ್ದಾರೆ, ತೊಡೆಯ ಮೇಲೆ ಅರ್ಧ ಕುಳಿ. ಸೊಸೆ ಅವರ ಎಡಕ್ಕೆ, ಭುಜ ತಾಗುವಷ್ಟು ಹತ್ತಿರ ನಿಂತಿದ್ದಾಳೆ.

"ಎಲ್ಲಿ ಹೋದ್ಯಮ್ಮಾ? ಮುಗೀತು, ಇಂಕು ಹಾಕು ಬಾ."

"ಇಲ್ಲೇ ಇದೀನಿ ಮಾವ. ಈ ಕಡೆ."

ಮಾವ ಬಲಕ್ಕೆ ಹುಡುಕುತ್ತಾರೆ. ಇನ್ನಷ್ಟು ಬಲಕ್ಕೆ ವಾಲುತ್ತಾರೆ. 'ಎಡಕ್ಕೆ ತಿರುಗಿದರು' ಎಂದು ಬರೆಯುವುದು ನನಗೇನೂ ಕಷ್ಟವಲ್ಲ. ಸೊಸೆ ನನ್ನತ್ತ ನೋಡಿ ಬೇಡವೆಂದು ತಲೆಯಾಡಿಸುತ್ತಾಳೆ. ಪೆನ್ನು ಕೆಳಗಿಟ್ಟಿದ್ದೇನೆ.

ಅವಳು ಮತ್ತೆ ಕರೆಯುತ್ತಿದ್ದಾಳೆ.

"ಮಾವ, ಈ ಕಡೆ."