ರಕ್ತನಾಳಕ್ಕೆ ಎರಡು ಕೋಟು

ಬೆಳಿಗ್ಗೆ ಒಂಬತ್ತಕ್ಕೆ ಸೇತುವೆಗೆ ಬಣ್ಣ ಹೊಡೆಯುವ ಪೇಂಟರ್ ತನ್ನ ಎರಡೂ ತೋಳಿಗೆ ತುಕ್ಕು ತಡೆಯುವ ಕೆಂಪು ಬಣ್ಣ ಬಳಿದುಕೊಂಡು ಕ್ಲಿನಿಕ್ಕಿಗೆ ಬಂದ. ಹಿಂದೆಯೇ ಹೆಂಡತಿ ಬಣ್ಣ ಕರಗಿಸುವ ಥಿನ್ನರ್ ಬಾಟಲಿ ಹಿಡಿದು ಬಂದಳು.

ರಕ್ತದೊತ್ತಡ ಇಳಿದಿದ್ದರೆ ಮಾತ್ರ ಅವನಿಗೆ ಮತ್ತೆ ಸೇತುವೆ ಹತ್ತಲು ಡಾಕ್ಟರ ಒಪ್ಪಿಗೆ ಸಿಗುತ್ತಿತ್ತು. ಇಲ್ಲದಿದ್ದರೆ ಗೋದಾಮಿನಲ್ಲಿ ಬ್ರಷ್ ತೊಳೆಯುವ ಕೆಲಸವೇ ಗತಿ. ದೇಹದೊಳಗೆ ಆಮ್ಲಜನಕದಿಂದ ಹುಟ್ಟುವ ಪುಂಡ ಕಣಗಳು ಮಿತಿಮೀರಿದರೆ ರಕ್ತನಾಳದ ಒಳಪದರ ಕೆಡುತ್ತದೆ, ನಾಳ ಸಡಿಲಗೊಳ್ಳದೆ ಒತ್ತಡ ಏರುತ್ತದೆ ಎಂದು ಡಾಕ್ಟರು ಹಿಂದಿನ ವಾರ ವಿವರಿಸಿದ್ದರು. ಅರ್ಥವಾಗಲೆಂದು, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಎಂದೂ ಸೇರಿಸಿದ್ದರು.

"ತುಕ್ಕು ಅಂದ್ರಲ್ಲ ಸಾರ್, ಅದು ನಂಗೆ ಬಿಡಿ. ಎಮರಿ ಪೇಪರಲ್ಲಿ ಉಜ್ಜಿ ಎರಡು ಕೋಟು ಹೊಡ್ದಿದೀನಿ."

"ಚರ್ಮಾನ ಉಜ್ಜಿದ್ರಾ?"

"ಮೆತ್ತಗೆ ಸಾರ್."

"ಮನೆ ಗೇಟಿಗೆ ಬಳೀರಿ ಅಂತ ವರ್ಷದಿಂದ ಬಡ್ಕೋತಿದೀನಿ," ಎಂದಳು ಹೆಂಡತಿ. "ಅದಕ್ಕೆ ಬಣ್ಣ ಇಲ್ವಂತೆ!"

"ಕೆಟ್ಟಿರೋದು ಒಳಗಡೆ ಕಣ್ರೀ," ಎಂದರು ಡಾಕ್ಟರು. "ಸಿಗರೇಟು ಬಿಡಿ, ಉಪ್ಪು ಕಮ್ಮಿ ಮಾಡಿ ಅಂದಿದ್ದು ಅದಕ್ಕೇ. ಮಾತ್ರೆ ತಗೊಂಡ್ರಾ?"

"ಅದ್ಹೇಗೆ ಸಾರ್? ಎರಡನೇ ಕೋಟು ಪೂರ್ತಿ ಒಣಗೋ ತನಕ ಬೇರೇನೂ ಹಾಕ್ಬಾರ್ದು."

ಬಿಪಿ ನೋಡುವ ಪಟ್ಟಿ ತೋಳಿಗೆ ಅಂಟಿಕೊಂಡಿತು. ಹೆಂಡತಿ ಥಿನ್ನರ್ ಹಾಕಿ ಬಿಡಿಸಿದಳು, ಬೈಯುತ್ತಲೇ ತೋಳನ್ನೂ ಒರೆಸಿದಳು. ಎರಡನೆಯ ಸಲ ನೋಡಿದಾಗ ಒತ್ತಡ ಹಿಂದಿನ ವಾರಕ್ಕಿಂತ ಹೆಚ್ಚಿತ್ತು.

ಸೇತುವೆ ಹತ್ತಲು ಒಪ್ಪಿಗೆ ಸಿಗಲಿಲ್ಲ. ಅವನು ಅಲ್ಲೇ ಮಾತ್ರೆ ನುಂಗಿದ. ಸಂಜೆ, ಉಳಿದ ಬಣ್ಣವನ್ನು ಮನೆಯ ಗೇಟಿಗೆ ಬಳಿದ.